ಸೆರಗಿನ ಹಿಂದಿನ ವ್ಯಾಜ್ಯ

ವಕೀಲಕ್ಕನ ಪುಟ: ಓದುಗರ ಪ್ರಶ್ನೆ, ಉತ್ತರ

ಕಳೆದ ಸಂಚಿಕೆಯಲ್ಲಿ ಚೂಡಿದಾರದ ವೇಲ್ ಬಗ್ಗೆ ಒಬ್ಬ ಹುಡುಗಿ ಕೇಳಿದ್ದಕ್ಕೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆಂದು ಎಣಿಸಿರಲಿಲ್ಲ. ಆಸ್ತಿ, ಜೀವನಾಂಶದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು, ಬಟ್ಟೆ ಮತ್ತು ರೂಪದ ವಿಷಯದಲ್ಲಿ ಬಂದ ಪತ್ರಗಳನ್ನೇ ಈ ಬಾರಿ ತೆಗೆದುಕೊಂಡಿದ್ದೇನೆ. ಧಾರವಾಡದಲ್ಲಿ 31 ವರ್ಷ ವಕೀಲಿಕೆ ಮಾಡಿದ ಮೇಲೆ ನನಗೆ ಖಾತ್ರಿಯಾದದ್ದು ಒಂದಿದೆ. ಹೆಣ್ಣಿನ ಬಟ್ಟೆಯ ಮಾತು ಎತ್ತುವವರ ಹತ್ತಿರ ಸಾಮಾನ್ಯವಾಗಿ ಬಾಯಿಬಿಟ್ಟು ಹೇಳಲಾಗದ ಇನ್ನೊಂದು ವಿಷಯ ಇರುತ್ತದೆ: ದುಡ್ಡೋ, ಜಾಗವೋ, ಮಗುವೋ, ಹೆದರಿಕೆಯೋ. ಪತ್ರ ಓದುವಾಗ ನಾನು ಅದನ್ನೇ ಹುಡುಕುತ್ತೇನೆ.

ಪ್ರಶ್ನೆ: ಅಕ್ಕಾ, ನಾನು ಖಾಸಗಿ ಪ್ರೌಢಶಾಲೆಯಲ್ಲಿ 6 ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಶಿಕ್ಷಕಿಯರಿಗೆ ಸೀರೆ ಕಡ್ಡಾಯ. ಎರಡು ಬಸ್ ಬದಲಿಸಿ ಬರುವ ನನಗೆ ಮಳೆಗಾಲದಲ್ಲಿ ಬಹಳ ಕಷ್ಟ ಅಂತ ಚೂಡಿದಾರಕ್ಕೆ ಅನುಮತಿ ಕೇಳಿದೆ. ಆಡಳಿತ ಮಂಡಳಿಯ ಒಬ್ಬರು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು, ‘ಈಗಲೇ ಬ್ಲೌಸಿನ ಬೆನ್ನು ಇಷ್ಟು ಬಿಟ್ಟಿದ್ದೀರಿ, ಹುಡುಗರು ಬೋರ್ಡ್ ನೋಡ್ತಾರಾ ನಿಮ್ಮನ್ನ ನೋಡ್ತಾರಾ? ಇನ್ನು ಚೂಡಿದಾರ ಹಾಕಿದರೆ ಮುಗೀತು’ ಅಂದರು. ಎರಡು ದಿನ ರಜೆ ಹಾಕಿ ಮನೆಯಲ್ಲಿ ಅತ್ತೆ. ಕೆಲಸ ಬಿಟ್ಟುಬಿಡಲೇ? ಜೂನ್‌ನಲ್ಲಿ ನಾವು ಮೂವರು ಸೇರಿ ಸಂಬಳ ಹೆಚ್ಚಿಸಿ ಅಂತ ಅರ್ಜಿ ಕೊಟ್ಟಿದ್ದೆವು, ಅದಕ್ಕೂ ಉತ್ತರವಿಲ್ಲ.
– ಹೆಸರು ಬೇಡ, ಗದಗ ಜಿಲ್ಲೆ

ಕೆಲಸ ಬಿಡಬೇಡಿ ತಂಗಿ. ಇವತ್ತೇ ಒಂದು ನೋಟ್‌ಬುಕ್ ತೆಗೆದುಕೊಂಡು ಆ ದಿನದ ತಾರೀಕು, ಹೊತ್ತು, ಅವರು ಆಡಿದ ಮಾತು ಹೇಗಿತ್ತೋ ಹಾಗೆ, ಕೋಣೆಯಲ್ಲಿ ಯಾರ್ಯಾರಿದ್ದರು ಎಂಬುದನ್ನೆಲ್ಲ ಬರೆದಿಡಿ. ದಿನ ಕಳೆದಂತೆ ಮಾತು ಮರೆತುಹೋಗಿ ಅವಮಾನ ಮಾತ್ರ ಉಳಿಯುತ್ತದೆ. ದೂರಿಗೆ ಬೇಕಾಗುವುದು ಮಾತು.

ಸೀರೆಯ ನಿಯಮ ಬೇರೆ, ಆ ಮನುಷ್ಯ ಆಡಿದ ಮಾತು ಬೇರೆ. ನಿಯಮ ಬದಲಾಗಬೇಕಾದರೆ ಶಿಕ್ಷಕಿಯರೆಲ್ಲ ಸಹಿ ಹಾಕಿ ಮನವಿ ಕೊಡಿ. ಪಕ್ಕದ ಕೇರಳದಲ್ಲಿ 2021ರಲ್ಲಿ ಉನ್ನತ ಶಿಕ್ಷಣ ಇಲಾಖೆ, ಸೀರೆಯನ್ನೇ ಉಡಬೇಕೆಂದು ಶಿಕ್ಷಕಿಯರನ್ನು ಒತ್ತಾಯಿಸುವಂತಿಲ್ಲ ಎಂದು ಆದೇಶ ಹೊರಡಿಸಿತು. ಅದನ್ನು ಮನವಿಯಲ್ಲಿ ಉಲ್ಲೇಖಿಸಿ. ನಾನೂ ದಿನಾ ಸೀರೆ ಉಡುವವಳು, ಇಷ್ಟಪಟ್ಟೇ ಉಡುತ್ತೇನೆ. ಆದರೆ ತುಂಬಿದ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ಸೀರೆಯಲ್ಲಿ ಸೊಂಟ ಕಾಣುತ್ತದೆ, ಮಳೆಯಲ್ಲಿ ನೆನೆದರೆ ನಿರಿಗೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಬೋರ್ಡಿನ ಮೇಲೆ ಎತ್ತರದಲ್ಲಿ ಬರೆಯುವಾಗ ಒಂದು ಕೈ ಸೆರಗಿಗೇ ಹೋಗುತ್ತದೆ. ಚೂಡಿದಾರದಲ್ಲಿ ಇದ್ಯಾವುದೂ ಇಲ್ಲ. ಮೈ ಮುಚ್ಚಬೇಕೆಂಬುದೇ ಅವರ ಕಾಳಜಿಯಾಗಿದ್ದರೆ ಚೂಡಿದಾರ ಹಾಕಿಕೊಳ್ಳಿ ಅಂತ ಅವರೇ ಹೇಳಬೇಕಿತ್ತು.

ಇನ್ನು ಆ ಮಾತು. ಹೆಣ್ಣುಮಗಳ ಮೈ ಬಗ್ಗೆ ಕೆಲಸದ ಜಾಗದಲ್ಲಿ ಹಾಗೆ ಮಾತಾಡುವುದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಕೆಳಗೆ ದೂರಿನ ವಿಷಯ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು, ಅದರ ಅಧ್ಯಕ್ಷತೆ ಹೆಣ್ಣುಮಗಳದ್ದೇ ಆಗಿರಬೇಕು. ನಿಮ್ಮ ಶಾಲೆಯಲ್ಲಿ ಸಮಿತಿ ಇಲ್ಲದಿದ್ದರೂ, ದೂರು ಮಾಲೀಕರ ಮೇಲೆಯೇ ಆದರೂ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ಘಟನೆ ನಡೆದು ಮೂರು ತಿಂಗಳೊಳಗೆ ಕೊಡಬೇಕು, ತಡಮಾಡಬೇಡಿ.

ನಿಮ್ಮ ಪತ್ರದ ಕೊನೆಯ ಸಾಲನ್ನು ನೀವು ಹೋಗುವ ಮುಂಚೆ ನೆನಪಾದಂತೆ ಬರೆದಿದ್ದೀರಿ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅದು. ಜೂನ್‌ನಲ್ಲಿ ಸಂಬಳ ಕೇಳಿದಿರಿ, ಅದಕ್ಕೆ ಬಾಯಿಬಿಡದ ಮಂಡಳಿಯಿಂದ ಮಳೆಗಾಲದಲ್ಲಿ ನಿಮ್ಮ ಬೆನ್ನಿನ ಬಗ್ಗೆ ಮಾತು ಬಂತು. ಆ ಅರ್ಜಿಯ ಪ್ರತಿ ಇಟ್ಟುಕೊಳ್ಳಿ. ಉಳಿದಿಬ್ಬರು ಟೀಚರುಗಳಿಗೂ ಏನಾದರೂ ಅಂದಿದ್ದಾರಾ, ಕೇಳಿ ನೋಡಿ.

ಪ್ರಶ್ನೆ: ಮೇಡಂ, ನನ್ನ ಗಂಡ ವಿಚ್ಛೇದನದ ಜೊತೆಗೆ 7 ವರ್ಷದ ಮಗನನ್ನು ತನಗೆ ಕೊಡಿಸಬೇಕೆಂದು ಅರ್ಜಿ ಹಾಕಿದ್ದಾನೆ. ಅದಕ್ಕೆ ನನ್ನ ಫೇಸ್‌ಬುಕ್‌ನಿಂದ 14 ಫೋಟೊ ತೆಗೆದು ಲಗತ್ತಿಸಿದ್ದಾನೆ. ಸ್ಲೀವ್‌ಲೆಸ್ ಟಾಪ್, ಜೀನ್ಸ್, ಆಫೀಸಿನವರ ಜೊತೆ ಗೋವಾಕ್ಕೆ ಹೋದಾಗಿನವು. ‘ಇಂಥ ತಾಯಿಯ ಬಳಿ ಮಗು ಹಾಳಾಗುತ್ತದೆ’ ಎಂದು ಬರೆಸಿದ್ದಾನೆ. ನಮ್ಮ ವಕೀಲರು ಫೋಟೊ ಎಲ್ಲ ಡಿಲೀಟ್ ಮಾಡಿ, ಮುಂದಿನ ತಾರೀಕಿಗೆ ಸೀರೆ ಉಟ್ಟುಕೊಂಡು ಬನ್ನಿ ಅಂದರು. ಮಗ ಕೈತಪ್ಪಿ ಹೋಗುತ್ತಾನಾ?
– ಓದುಗಿತ್ತಿ, ಹುಬ್ಬಳ್ಳಿ

ಫೋಟೊ ಡಿಲೀಟ್ ಮಾಡಬೇಡಿ. ಬೇಕಾದರೆ ಹೊರಗಿನವರಿಗೆ ಕಾಣದಂತೆ ಮಾಡಿಕೊಳ್ಳಿ. ಕೋರ್ಟಿನ ಮುಂದೆ ಬಂದಿರುವ ಫೋಟೊ ಈಗ ಅಳಿಸಿದರೆ ಬಚ್ಚಿಡುವಂಥದ್ದೇನೋ ಇತ್ತು ಎಂದು ಅವರೇ ವಾದ ಮಾಡುತ್ತಾರೆ.

ಮಗು ಯಾರ ಬಳಿ ಇರಬೇಕೆಂಬುದಕ್ಕೆ ಕಾನೂನಿನಲ್ಲಿ ಇರುವ ಅಳತೆ ಒಂದೇ: ಮಗುವಿನ ಹಿತ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 13ನೇ ಕಲಮು ಹೇಳುವುದು ಅದನ್ನೇ. ಅವನಿಗೆ ಜ್ವರ ಬಂದಾಗ ರಾತ್ರಿ ಎದ್ದು ಕೂತವರು ಯಾರು, ಶಾಲೆಯ ಡೈರಿಗೆ ಸಹಿ ಹಾಕುವವರು ಯಾರು, ಶುಲ್ಕದ ರಸೀದಿ ಯಾರ ಹೆಸರಲ್ಲಿದೆ, ಚುಚ್ಚುಮದ್ದಿನ ಕಾರ್ಡು ಯಾರ ಕಪಾಟಿನಲ್ಲಿದೆ. ಅವರು 14 ಫೋಟೊ ಹಾಕಿದ್ದರೆ ನೀವು ಈ ಕಾಗದಗಳನ್ನು ಹಾಕಿ.

2022ರಲ್ಲಿ ಛತ್ತೀಸ್‌ಗಢ ಹೈಕೋರ್ಟಿನ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಹೆಂಡತಿ ಜೀನ್ಸ್ ಹಾಕುತ್ತಾಳೆ, ಗಂಡಸರ ಜೊತೆ ಕೆಲಸಕ್ಕೆ ಓಡಾಡುತ್ತಾಳೆ ಎಂಬ ಮಾತನ್ನು ನೆಚ್ಚಿ ಕೆಳಗಿನ ನ್ಯಾಯಾಲಯ ಮಗುವನ್ನು ತಂದೆಗೆ ಕೊಟ್ಟಿತ್ತು. ಹೈಕೋರ್ಟ್ ಅದನ್ನು ರದ್ದು ಮಾಡಿ ಮಗುವನ್ನು ತಾಯಿಗೆ ಕೊಡಿಸಿತು. 2024ರ ಡಿಸೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಕೂಡ, ತಾಯಿಯ ಬಟ್ಟೆ ಮತ್ತು ಫೋಟೊ ನೋಡಿ ಮಕ್ಕಳನ್ನು ಅವಳಿಂದ ತಪ್ಪಿಸಿದ್ದ ಕೌಟುಂಬಿಕ ನ್ಯಾಯಾಲಯದ ತೀರ್ಪನ್ನು ತಳ್ಳಿಹಾಕಿತು. ಈ ಎರಡನ್ನೂ ನಿಮ್ಮ ವಕೀಲರಿಗೆ ತೋರಿಸಿ. ಎರಡೂ ಕಡೆ ಕೆಳಗಿನ ಕೋರ್ಟು ಬಟ್ಟೆಯನ್ನು ನಂಬಿತ್ತು ಎಂಬುದನ್ನೂ ನೀವು ತಿಳಿದಿರಬೇಕು. ಆದ್ದರಿಂದ ನಿಮ್ಮ ಹೆದರಿಕೆಗೆ ಅರ್ಥವಿಲ್ಲ ಎಂದು ನಾನು ಹೇಳುವುದಿಲ್ಲ.

ನಾನೇ ನಡೆಸಿದ ಒಂದು ಪ್ರಕರಣ ಹೇಳುತ್ತೇನೆ, ಗುರುತು ಸಿಗದಷ್ಟು ಮಾತ್ರ. ಅಲ್ಲೂ ಗಂಡ ಫೋಟೊ ಹಾಜರು ಮಾಡಿದ್ದ. ಸಮುದ್ರದ ದಂಡೆ, ಗಾಳಿಗೆ ಹಾರುವ ಕೂದಲು, ತೋಳಿಲ್ಲದ ನೀಲಿ ಫ್ರಾಕು, ಆ ಹುಡುಗಿ ಕ್ಯಾಮೆರಾ ನೋಡಿ ನಗುತ್ತಿದ್ದಾಳೆ. ಪಾಟೀಸವಾಲಿನಲ್ಲಿ ಫೋಟೊ ಅವನ ಕೈಗೆ ಕೊಟ್ಟು ಕೇಳಿದೆ: ಇದನ್ನು ತೆಗೆದವರು ಯಾರು? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ‘ನಾನೇ’ ಅಂದ. ಆ ಫ್ರಾಕು ಕೊಡಿಸಿದವರು? ‘ನಾನೇ, ಮದುವೆ ದಿನಕ್ಕೆ.’ ಆವತ್ತು ಅವಳು ಒಳ್ಳೆಯ ಹೆಂಡತಿಯಾಗಿದ್ದಳೋ ಇಲ್ಲವೋ? ಅದಕ್ಕೆ ಎದುರು ಪಕ್ಷದ ವಕೀಲರು ಎದ್ದು ಆಕ್ಷೇಪಣೆ ಮಾಡಿದರು, ನಾನೂ ಒತ್ತಾಯ ಮಾಡಲಿಲ್ಲ. ಅವಳು ನಕ್ಕದ್ದು ಅವನನ್ನು ನೋಡಿ. ಅದೇ ನಗು ಐದು ವರ್ಷದ ಮೇಲೆ ‘ನಡತೆಗೆಟ್ಟವಳು’ ಎಂಬುದಕ್ಕೆ ಆಧಾರವಾಗಿ ಕಡತದಲ್ಲಿ ಕೂತಿತ್ತು. ಆ ಕೇಸಿನಲ್ಲಿ ನಿಜವಾದ ಜಗಳ ಇದ್ದದ್ದು ಅವಳ ಹೆಸರಿನಲ್ಲಿದ್ದ ಒಂದು ಸೈಟಿನ ಮೇಲೆ. ಅವನ ಅರ್ಜಿಯ 11 ಪುಟದಲ್ಲಿ ಸೈಟಿನ ಸುದ್ದಿ ಒಂದು ಸಾಲಿನಲ್ಲಿತ್ತು.

ನಿಮ್ಮ ಗಂಡನ ಅರ್ಜಿಯಲ್ಲಿ ಆ ಒಂದು ಸಾಲು ಎಲ್ಲಿದೆ ಎಂದು ಹುಡುಕಿ. ಜೀವನಾಂಶ ತಪ್ಪಿಸುವುದೇ ಇದ್ದೀತು. ಮಗು ಅವನ ಬಳಿ ಹೋದರೆ ಮಗುವಿಗೆ ಕೊಡಬೇಕಾದ ಹಣ ಉಳಿಯುತ್ತದಲ್ಲ.

ಪ್ರಶ್ನೆ: ನಮಸ್ಕಾರ ಅಕ್ಕಾವ್ರ. ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ದೀಪಾವಳಿಗೆ ಜೀನ್ಸ್ ಮತ್ತು ಗಿಡ್ಡ ಟಾಪ್ ಹಾಕಿಕೊಂಡು ಬಂದಳು. ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆದು ಬರುವಷ್ಟರಲ್ಲಿ ಓಣಿ ತುಂಬ ಸುದ್ದಿ. ಮೈದುನ ‘ಮನಿ ಮರ್ಯಾದಿ ಬೀದಿಗೆ ಬಂತು’ ಅಂದ. ನಮ್ಮವರು ಅವಳ ಜೊತೆ ಮಾತು ಬಿಟ್ಟಿದ್ದಾರೆ, ಮುಂದಿನ ವರ್ಷದ ಫೀ ಕಟ್ಟುವುದಿಲ್ಲ ಅಂತಾರೆ. ಅವಳಿಗೆ ಎಲ್ಲರಿಗಿಂತ ಹೆಚ್ಚು ಬೈದವಳು ನಾನೇ. ಅವಳು ಹಬ್ಬದ ಊಟ ಮಾಡದೆ ಹೋದಳು. ಆಮೇಲೆ ನನಗೂ ಅನ್ನ ಸೇರಲಿಲ್ಲ.
– ತಾಯಿ, ಹಾವೇರಿ ಜಿಲ್ಲೆ

ಮೊದಲು ಮಗಳಿಗೆ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳಿ. ಬಟ್ಟೆಯ ಸುದ್ದಿ ಆ ದಿನ ಎತ್ತಬೇಡಿ.

ನಾನು ಹುಟ್ಟಿದ್ದು ಅಂಕೋಲೆಯ ಕಡೆ. ನಮ್ಮ ಗದ್ದೆಯ ನಾಟಿಗೆ ಹಾಲಕ್ಕಿ ಸಮುದಾಯದ ಹೆಂಗಸರು ಬರುತ್ತಿದ್ದರು. ರವಿಕೆ ಇಲ್ಲ, ಕುತ್ತಿಗೆಯಿಂದ ಎದೆಯವರೆಗೆ ಸಾಲು ಸಾಲು ಮಣಿಸರ, ಮೊಣಕಾಲ ತನಕ ಎತ್ತಿ ಉಟ್ಟ ಸೀರೆ, ಬರಿಯ ಹೆಗಲು, ಬರಿಯ ಬೆನ್ನು. ಬಗ್ಗಿ ನೆಟ್ಟಿ ಊರುವಾಗ ಬೆನ್ನ ಮೇಲೆ ಮಳೆ ಬಿದ್ದು ಹರಿಯುತ್ತಿತ್ತು. ಅಪ್ಪ, ಚಿಕ್ಕಪ್ಪಂದಿರು ಅದೇ ಗದ್ದೆಯಲ್ಲಿ ಇರುತ್ತಿದ್ದರು. ಆ ಹೆಂಗಸರು ನಾಚಿಕೆಗೆಟ್ಟವರು ಅಂತ ಯಾರೂ ಅಂದದ್ದು ನಾನು ಕೇಳಿಲ್ಲ. ಆದರೆ ನಾನು ಹೈಸ್ಕೂಲಿಗೆ ಹೋಗುವಾಗ ಲಂಗ ಮೊಣಕಾಲಿನಿಂದ ಎರಡು ಬೆರಳು ಮೇಲಿದ್ದರೆ ಅದೇ ಚಿಕ್ಕಪ್ಪ ಮನೆಗೆ ವಾಪಸ್ ಕಳಿಸುತ್ತಿದ್ದ. ಕಣ್ಣು ಒಂದೇ, ಮೈಯೂ ಹೆಣ್ಣಿನದ್ದೇ. ವ್ಯತ್ಯಾಸ ಇದ್ದದ್ದು ಎಲ್ಲಿ ಅಂದರೆ, ನನ್ನ ಮದುವೆ ಅವರ ಕೈಯಲ್ಲಿತ್ತು, ಆ ಹೆಂಗಸರ ಮದುವೆ ಅವರ ಕೈಯಲ್ಲಿರಲಿಲ್ಲ.

2021ರ ನವೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡರು. ಬರಿಗಾಲು, ಅದೇ ಹಾಲಕ್ಕಿ ಉಡುಗೆ, ಅದೇ ಮಣಿಸರ. ಸಸಿ ನೆಟ್ಟು ಕಾಡು ಬೆಳೆಸಿದ ಕೈಗಳನ್ನು ಜೋಡಿಸಿ ಆ ತಾಯಿ ನಡೆದು ಬಂದದ್ದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಆ ಫೋಟೊಗೆ ಕೈಮುಗಿದು ‘ಇದು ನಮ್ಮ ಸಂಸ್ಕೃತಿ’ ಎಂದು ಬರೆದರು. ಮುಂದಿನ ವಾರ ಅಣ್ಣನ ಮಗಳು ಗೆಳತಿಯ ಮದುವೆಗೆ ತೋಳಿಲ್ಲದ ರವಿಕೆ ಹಾಕಿ ತೆಗೆಸಿಕೊಂಡ ಫೋಟೊ ಹಾಕಿದಳು. ಅದೇ ಗುಂಪು, ಅದೇ ಜನ. ‘ಸಂಸ್ಕೃತಿ ಎಲ್ಲಿ ಹೋಯಿತು’ ಎಂದು ಕೇಳಿದರು. ಅವಳು ಫೋಟೊ ಅಳಿಸಿದಳು, ಗುಂಪಿನಿಂದಲೂ ಹೊರಗೆ ಹೋದಳು.

ನಿಮ್ಮ ಯಜಮಾನರ ಕೋಪದ ಕೆಳಗೆ ಹೆದರಿಕೆ ಇದೆ ಅಂತ ನನಗನಿಸುತ್ತದೆ. ಮಗಳಿಗೆ ಏನಾದರೂ ಆದೀತು, ಗಂಡು ಸಿಗಲಿಕ್ಕಿಲ್ಲ, ತಮ್ಮನ ಮುಂದೆ ತಲೆ ತಗ್ಗಿಸಬೇಕಾದೀತು. ರಾತ್ರಿ ಊಟವಾದ ಮೇಲೆ ಇಬ್ಬರೇ ಕೂತು, ನಿಮಗೆ ಯಾವುದರ ಹೆದರಿಕೆ ಅಂತ ಕೇಳಿ. ಆ ಟಾಪ್ ಬದಲಿಸಿದರೆ ಈ ಮೂರರಲ್ಲಿ ಯಾವುದು ಹೋಗುತ್ತದೆ ಅಂತಲೂ ಕೇಳಿ. ಮೈದುನನಿಗೆ ಈ ಮಾತಿನಲ್ಲಿ ಜಾಗ ಕೊಡಬೇಡಿ, ಫೀ ಕಟ್ಟುವವನು ಅವನಲ್ಲ.

ಫೀಯ ವಿಷಯ: ಮದುವೆಯಾಗದ, ಸ್ವಂತ ದುಡಿಮೆ ಇಲ್ಲದ ಮಗಳನ್ನು ಪೋಷಿಸುವ ಹೊಣೆಯನ್ನು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ತಂದೆ ತಾಯಿ ಇಬ್ಬರ ಮೇಲೂ ಹಾಕಿದೆ. ಮನೆಯೊಳಗೆ ಕಾನೂನು ತೋರಿಸುವ ಹೊತ್ತು ಬಾರದಿರಲಿ. ಅಂಥ ಹೊತ್ತು ಬಂದರೂ ಓದು ನಿಲ್ಲಬೇಕಿಲ್ಲ. ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಏಳೂವರೆ ಲಕ್ಷದವರೆಗೆ ಅಡಮಾನವಿಲ್ಲದೆ ಸಿಗುವ ವ್ಯವಸ್ಥೆ ಇದೆ. ಜೊತೆಗೆ ಸಹಿ ಹಾಕುವವರು ತಂದೆಯೇ ಆಗಬೇಕೆಂದಿಲ್ಲ, ನೀವೂ ಹಾಕಬಹುದು. ನಿಮ್ಮ ಆಧಾರ್ ಮತ್ತು ಪಾಸ್‌ಬುಕ್ ತೆಗೆದುಕೊಂಡು ಒಂದು ದಿನ ಬ್ಯಾಂಕಿಗೆ ಹೋಗಿ ವಿಚಾರಿಸಿ ಬನ್ನಿ. ವಿಚಾರಿಸಿದ್ದೀರಿ ಅಂತ ಗೊತ್ತಾದರೆ ಮನೆಯ ಮಾತಿನ ಧಾಟಿ ಬದಲಾಗುತ್ತದೆ, ಅದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನೀವು ಯಾವಾಗಲೂ ಹೆಂಗಸರ ಪರವೇ ಬರೆಯುತ್ತೀರಿ. ಇಂದಿನ ಹುಡುಗಿಯರು ತೊಡುವ ಬಟ್ಟೆ ನೋಡಿದರೆ ಗಂಡಸರ ಮನಸ್ಸು ಕೆಡದೆ ಇರುತ್ತದೆಯೇ? ಅತ್ಯಾಚಾರ ಹೆಚ್ಚಲು ಇದೂ ಒಂದು ಕಾರಣವೆಂದು ಒಪ್ಪಿಕೊಳ್ಳಬಾರದೇಕೆ?
– ನಿವೃತ್ತ ಬ್ಯಾಂಕ್ ಅಧಿಕಾರಿ, ತುಮಕೂರು

ಹಿರಿಯರೇ, ನೀವು ಹೆಸರು ವಿಳಾಸ ಹಾಕಿ, ಮರ್ಯಾದೆಯಿಂದ ಕೇಳಿದ್ದೀರಿ. ನಾನೂ ಮರ್ಯಾದೆಯಿಂದಲೇ, ಮುಚ್ಚುಮರೆಯಿಲ್ಲದೆ ಉತ್ತರಿಸುತ್ತೇನೆ.

ಅತ್ಯಾಚಾರದ ಕೇಸಿನಲ್ಲಿ ಬಟ್ಟೆ ಕೋರ್ಟಿಗೆ ಬರುತ್ತದೆ, ನಿಮಗೆ ಗೊತ್ತಿರಬಹುದು. ನಮ್ಮಲ್ಲಿ ಅದಕ್ಕೆ ಮುದ್ದೆಮಾಲು ಅನ್ನುತ್ತಾರೆ. ಪೊಲೀಸರು ಪಂಚರ ಎದುರು ಜಪ್ತಿ ಮಾಡಿ, ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಅರಗಿನ ಮೊಹರು ಒತ್ತಿ, ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವಿಚಾರಣೆಯ ದಿನ ಆ ಪೊಟ್ಟಣವನ್ನು ನ್ಯಾಯಾಧೀಶರ ಎದುರು ಬಿಚ್ಚಿ, ‘ಇದು ನಿನ್ನದೇನಮ್ಮಾ’ ಎಂದು ಕೇಳುತ್ತಾರೆ. ಇಷ್ಟು ವರ್ಷಗಳಲ್ಲಿ ಆ ಮೇಜಿನ ಮೇಲೆ ನಾನು ಕಂಡದ್ದು ಹೇಳುತ್ತೇನೆ. ಹೂವಿನ ಚಿತ್ರದ ನೈಟಿ. ಇಳಕಲ್ ಸೀರೆ ಮತ್ತು ಖಣದ ಕುಪ್ಪಸ, ಉಟ್ಟವರಿಗೆ 60 ದಾಟಿತ್ತು. ಬುರ್ಖಾ. ಗಾರ್ಮೆಂಟ್ಸ್ ಕಾರ್ಖಾನೆಯ ಏಪ್ರನ್. ಸರ್ಕಾರಿ ಶಾಲೆಯ ಸಮವಸ್ತ್ರ, ನೀಲಿ ಸ್ಕರ್ಟು. ಸೊಂಟ ದೊಡ್ಡದಾಗಿದ್ದಕ್ಕೆ ತಾಯಿ ಒಳಗೆ ಮಡಚಿ ಹೊಲಿದಿದ್ದಳು, ಮುಂದಿನ ವರ್ಷಕ್ಕೂ ಬರಲಿ ಅಂತ. ಪೊಟ್ಟಣ ಬಿಚ್ಚಿದಾಗ ಆ ಹೊಲಿಗೆ ನೋಡಿ ತಾಯಿ ಕಟಕಟೆಯ ಪಕ್ಕದಲ್ಲೇ ಕುಸಿದು ಕೂತಳು. ಆ ಮಗುವಿಗೆ 8 ವರ್ಷ. ಇದರಲ್ಲಿ ಯಾವ ಬಟ್ಟೆ ಯಾರ ಮನಸ್ಸು ಕೆಡಿಸಿತು, ನೀವೇ ಹೇಳಿ.

ನಿಮ್ಮ ಪ್ರಶ್ನೆ ಹಳೆಯದು. 1872ರ ಸಾಕ್ಷ್ಯ ಅಧಿನಿಯಮದಲ್ಲೇ, ಅತ್ಯಾಚಾರದ ದೂರು ಕೊಟ್ಟವಳು ಒಟ್ಟಾರೆ ನಡತೆಗೆಟ್ಟವಳು ಎಂದು ಆರೋಪಿ ತೋರಿಸಬಹುದು ಎಂಬ ಕಲಮು ಇತ್ತು. ಅದು ಹೋಗಲು 2002ರ ತಿದ್ದುಪಡಿಯವರೆಗೆ, ಅಂದರೆ 130 ವರ್ಷ ಬೇಕಾಯಿತು. ನಾನು ವಕೀಲಿಕೆಗೆ ಬಂದಾಗ ಆ ಕಲಮು ಜೀವಂತವಿತ್ತು, ಅದನ್ನು ಬಳಸಿ ಹೆಣ್ಣುಮಕ್ಕಳನ್ನು ಅಳಿಸುವುದನ್ನು ಕಣ್ಣಾರೆ ನೋಡಿದ್ದೇನೆ. 2021ರಲ್ಲಿ ಸುಪ್ರೀಂ ಕೋರ್ಟ್, ಹೆಣ್ಣಿನ ಉಡುಪು ಮತ್ತು ನಡವಳಿಕೆಯ ಬಗ್ಗೆ ನ್ಯಾಯಾಧೀಶರು ಆದೇಶದಲ್ಲಿ ಬರೆಯಬಾರದು ಎಂದಿತು. ಮರುವರ್ಷವೇ ಕೋಝಿಕ್ಕೋಡಿನ ಒಂದು ನ್ಯಾಯಾಲಯ ಜಾಮೀನು ಕೊಡುವಾಗ ದೂರುದಾರಳ ಬಟ್ಟೆ ಉದ್ರೇಕಿಸುವಂತಿತ್ತು ಎಂದು ಬರೆಯಿತು. ಆ ಮಾತನ್ನು ಹೈಕೋರ್ಟ್ ತೆಗೆಸಿಹಾಕಬೇಕಾಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರಿಗಾಗಿ ಒಂದು ಕೈಪಿಡಿಯನ್ನೇ ಹೊರತಂದಿತು. ಯಾವ ಮಾತು ಬಳಸಬಾರದು, ಯಾವ ನಂಬಿಕೆ ತಪ್ಪು ಎಂದು ಅದರಲ್ಲಿ ಬಿಡಿಸಿ ಹೇಳಿದೆ, ಬಟ್ಟೆಯ ವಿಷಯವೂ ಇದೆ.

ಮುಚ್ಚಿಕೊಂಡರೆ ಬಿಡುತ್ತಾರೆ ಅಂತಲೂ ಇಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲೇ ಕಾಲೇಜಿನ ಗೇಟಿನ ಮುಂದೆ ಹುಡುಗಿಯರನ್ನು ನಿಲ್ಲಿಸಿ ತಲೆವಸ್ತ್ರ ತೆಗೆಯಿರಿ ಅಂದರು. ಆ ವಿಷಯ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪಿನವರೆಗೆ ಹೋಯಿತು. ಅದರ ಸರಿ ತಪ್ಪಿನ ವಾದ ಇಲ್ಲಿ ಬೇಡ. ನನ್ನ ಮನಸ್ಸಿನಲ್ಲಿ ಉಳಿದದ್ದು ಪರೀಕ್ಷೆಯ ತಿಂಗಳಲ್ಲಿ ಗೇಟಿನ ಹೊರಗೆ ಪುಸ್ತಕ ಎದೆಗವಚಿ ನಿಂತ ಆ ಮಕ್ಕಳು. ಒಬ್ಬಳಿಗೆ ಹೊದೆಯಲಿಲ್ಲ ಅಂತ ಮಾತು, ಇನ್ನೊಬ್ಬಳಿಗೆ ಹೊದ್ದಳು ಅಂತ ಮಾತು.

ಮನಸ್ಸು ಕೆಡುವುದು ಗಂಡಸಿನ ಸ್ವಭಾವ ಎಂದು ನೀವು ಬರೆದಿದ್ದೀರಿ. ಮೂವತ್ತೈದು ವರ್ಷ ಕೌಂಟರಿನಲ್ಲಿ ಇನ್ನೊಬ್ಬರ ನೋಟಿನ ಕಂತೆ ಎಣಿಸಿದವರು ನೀವು. ಒಂದು ದಿನವೂ ಕಿಸೆಗೆ ಹಾಕಿಕೊಳ್ಳಲಿಲ್ಲ. ಹಣ ಕಣ್ಣೆದುರು ಬಿಚ್ಚಿಟ್ಟಿದ್ದರಿಂದ ಕದ್ದೆ ಎನ್ನುವ ಕ್ಯಾಷಿಯರನ್ನು ನೀವು ಒಪ್ಪುತ್ತಿದ್ದಿರಾ?

ಪ್ರಶ್ನೆ: ನಾನು ಕಪ್ಪು. ಮೂರು ಕಡೆಯವರು ನೋಡಿ ಹೋದರು. ನಾಲ್ಕನೆಯವರು ಬರುವ ಮುಂಚೆ ಪಾರ್ಲರಿಗೆ ಹೋಗಿ ಬಾ ಅನ್ನುತ್ತಾಳೆ ಅಮ್ಮ.
– ಬಿ.ಕಾಂ. ಪದವೀಧರೆ, ರಾಣೆಬೆನ್ನೂರು

ಹೋಗಬೇಡಮ್ಮ. 1975ರಿಂದ ನಮ್ಮ ಹುಡುಗಿಯರಿಗೆ ಮಾರಿದ ಬಿಳಿ ಆಗುವ ಕ್ರೀಮಿನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕಂಪನಿಯೇ 2020ರಲ್ಲಿ ತೆಗೆದುಹಾಕಿತು. ನಮ್ಮ ಪಡಸಾಲೆಗಳಿಂದ ಅದು ಇನ್ನೂ ಹೋಗಿಲ್ಲ. ಬಣ್ಣ ಕಡಿಮೆ ಎನ್ನುವವರು ಹೆಚ್ಚಿನ ಸಲ ಅದೇ ಉಸಿರಿನಲ್ಲಿ ಬಂಗಾರ ಎಷ್ಟು ತೊಲ ಎಂದು ಕೇಳುತ್ತಾರೆ. ಹಾಗೆ ಕೇಳಿದರಾ, ಅಮ್ಮನನ್ನು ವಿಚಾರಿಸು. ಕೇಳಿದ್ದರೆ ಅದು ವರದಕ್ಷಿಣೆ, 1961ರಿಂದ ಅಪರಾಧ. ಕೆಲಸಕ್ಕೆ ಅರ್ಜಿ ಹಾಕಿದ್ದೀಯಾ? ಅದರ ಬಗ್ಗೆ ನೀನು ಏನೂ ಬರೆದಿಲ್ಲ.

ಪ್ರಶ್ನೆ: ಯಜಮಾನರು ಹೋಗಿ ಎರಡು ವರ್ಷ. ಅಕ್ಕನ ಮಗಳ ಮದುವೆಗೆ ಹಸಿರು ಸೀರೆ ಉಟ್ಟು, ಕುಂಕುಮ ಇಟ್ಟು ಹೋದೆ. ಆರತಿಯ ಹೊತ್ತಿಗೆ ನಾದಿನಿ ನನ್ನ ಕೈಹಿಡಿದು ಹಿಂದಕ್ಕೆ ಎಳೆದಳು. ನಾನು ಮಾಡಿದ್ದು ತಪ್ಪೇ?
– 48 ವರ್ಷ, ಶಿರಸಿ

ತಪ್ಪಿಲ್ಲ ತಾಯಿ, ಮುಂದಿನ ಮದುವೆಗೂ ಹಾಗೆಯೇ ಹೋಗಿ.

ನಾನು ಮೊದಲ ಸಲ ಕೋರ್ಟಿಗೆ ಹೊರಟ ದಿನ ಬಿಳಿ ಸೀರೆ ಉಟ್ಟಿದ್ದೆ, ಮೇಲೆ ಕರಿ ಕೋಟು. ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತಳು. ಮುತ್ತೈದೆ ಆಗಬೇಕಾದ ಹುಡುಗಿ ಬಿಳಿ ಉಟ್ಟು ಹೊರಗೆ ಹೋಗಬಾರದು ಅಂತ ಅವಳ ಹಟ. ಅವಳೂ ಇಪ್ಪತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡು ಬಣ್ಣ ಬಿಟ್ಟವಳು, ಅವಳಿಗೆ ಬಿಳಿ ಅಂದರೆ ಏನೆಂದು ಗೊತ್ತಿತ್ತು. ಕೊನೆಗೆ ನನ್ನನ್ನು ಕೂರಿಸಿ, ಸೂಜಿಗೆ ಅರಿಶಿನ ಹಚ್ಚಿದ ದಾರ ಪೋಣಿಸಿ, ಸೀರೆಯ ಒಳಸೆರಗಿನ ತುದಿಗೆ, ಲಂಗದೊಳಗೆ ಸಿಕ್ಕಿಸುವ ಜಾಗದಲ್ಲಿ, ನಾಲ್ಕು ಹೊಲಿಗೆ ಹಾಕಿದಳು. ‘ಇದು ನಿನಗೆ ಮಾತ್ರ ಗೊತ್ತಿರಲಿ, ಹೋಗು’ ಅಂದಳು. ಆ ಸೀರೆ ಈಗಲೂ ಇದೆ, ದಾರದ ಬಣ್ಣ ಮಾಸಿದೆ.

ನಿಮ್ಮ ನಾದಿನಿ ಕೈ ಎಳೆದ ಆ ಗಳಿಗೆಯಲ್ಲಿ ನಿಮ್ಮ ಅಕ್ಕ ಎಲ್ಲಿದ್ದರು? ಮದುವೆ ಅವರ ಮನೆಯದು. ಅವರು ಒಂದು ಮಾತು ಆಡಿದ್ದರೆ ಸಾಕಿತ್ತು ಎಂದು ನಿಮಗೂ ಅನಿಸಿರಬೇಕು. ನಾದಿನಿಯ ಹತ್ತಿರ ವಾದ ಮಾಡುವ ಬದಲು ಅಕ್ಕನ ಹತ್ತಿರ ನೋವು ಹೇಳಿಕೊಳ್ಳಿ. ಯಜಮಾನರ ಹೆಸರಿನ ಜಮೀನಿನ ಖಾತೆ ನಿಮ್ಮ ಮತ್ತು ಮಕ್ಕಳ ಹೆಸರಿಗೆ ಆಗಿದೆಯಾ? ಪೌತಿ ಖಾತೆ ಆಗಿರದಿದ್ದರೆ ಈ ತಿಂಗಳೇ ಅರ್ಜಿ ಹಾಕಿ.

ಪ್ರಶ್ನೆ: ಅಕ್ಕಾ, ನನಗೆ 19. ನನ್ನ ಮೇಲೆ ನಡೆದ ಅತ್ಯಾಚಾರದ ಕೇಸು ಈಗ ವಿಚಾರಣೆಗೆ ಬಂದಿದೆ. ಮುಂದಿನ ತಿಂಗಳು ನಾನು ಸಾಕ್ಷಿ ಹೇಳಬೇಕು. ಯಾವ ಬಟ್ಟೆ ಹಾಕಿಕೊಂಡು ಹೋಗಲಿ? ನನ್ನ ಹತ್ತಿರ ಒಂದು ಹಳದಿ ಕುರ್ತಾ ಇದೆ, ಅದು ಹಾಕಿಕೊಂಡರೆ ನನಗೆ ಸ್ವಲ್ಪ ಧೈರ್ಯ. ಅಮ್ಮ ಬೇಡ, ಕಣ್ಣಿಗೆ ಹೊಡೆಯುತ್ತೆ, ಸೀರೆ ಉಟ್ಟುಕೋ ಅಂತಾಳೆ. ನನಗೆ ಸೀರೆ ಉಡೋಕೆ ಬರಲ್ಲ.

ಮಗಳೇ, ಈ ಪತ್ರಕ್ಕೆ ಉತ್ತರ ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು.

ನಿನ್ನ ಅಮ್ಮ ಹೇಳುವುದನ್ನೇ ನಾನು ವರ್ಷಗಟ್ಟಲೆ ನನ್ನ ಕಕ್ಷಿದಾರ ಹೆಣ್ಣುಮಕ್ಕಳಿಗೆ ಹೇಳಿದ್ದೇನೆ. ಸೀರೆ ಉಟ್ಟು ಬಾ, ಜಡೆ ಹಾಕು, ಲಿಪ್‌ಸ್ಟಿಕ್ ಬೇಡ. ನ್ಯಾಯಾಧೀಶರ ಕಣ್ಣಿಗೆ ‘ಒಳ್ಳೆಯ ಮನೆಯ ಹುಡುಗಿ’ ಕಾಣಬೇಕು ಅಂತ. ನಿನ್ನಂಥದೇ ಕೇಸಿನ ಒಬ್ಬ ಹುಡುಗಿ ಪ್ಯಾಂಟು ಹಾಕಿಕೊಂಡು ಬಂದಾಗ ನನ್ನ ಕಚೇರಿಯ ಹಿಂದಿನ ಕೋಣೆಯಲ್ಲಿ ನನ್ನದೇ ಸೀರೆ ಉಡಿಸಿ, ಪಿನ್ನು ಹಾಕಿ ಕರೆದುಕೊಂಡು ಹೋದೆ. ಅವಳಿಗೂ ಸೀರೆ ಅಭ್ಯಾಸವಿರಲಿಲ್ಲ. ಒಂದೂವರೆ ತಾಸು ಕಟಕಟೆಯಲ್ಲಿ ನಿಂತಳು, ಅಷ್ಟು ಹೊತ್ತೂ ಎಡಗೈ ನಿರಿಗೆಯ ಮೇಲೆ. ಎದುರು ವಕೀಲರು ಪ್ರಶ್ನೆ ಕೇಳಿದಾಗಲೆಲ್ಲ ಮೊದಲು ನಿರಿಗೆ ಮುಟ್ಟಿ ನೋಡಿಕೊಂಡು ಆಮೇಲೆ ಉತ್ತರ ಕೊಡುತ್ತಿದ್ದಳು. ಎರಡು ಕಡೆ ತಡವರಿಸಿದಳು. ಅದನ್ನು ಅವರು ಸುಳ್ಳಿನ ಲಕ್ಷಣ ಎಂದು ವಾದಿಸಿದರು. ಅವಳ ಗಮನವನ್ನು ಅವಳ ಮಾತಿನಿಂದ ತಪ್ಪಿಸಿ ಸೀರೆಗೆ ಕಟ್ಟಿಹಾಕಿದವಳು ನಾನು. ಆವತ್ತಿನ ನಂತರ ಯಾರಿಗೂ ನಾನು ಬಟ್ಟೆ ಹೇಳಿಲ್ಲ.

ನಿನ್ನ ಕೇಸಿನ ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತದೆ, ಕಾನೂನೇ ಹಾಗಿದೆ. ಸಂಬಂಧವಿಲ್ಲದವರನ್ನು ಹೊರಗೆ ಕಳಿಸುತ್ತಾರೆ. ಕಳಿಸದಿದ್ದರೆ ಸರ್ಕಾರಿ ವಕೀಲರಿಗೆ ಹೇಳು. ಅವನ ಮುಖ ನೋಡಲಾರೆ ಅಂದರೆ ನಡುವೆ ಪರದೆ ಹಾಕಿಸಿ ಎಂದು ಕೇಳಬಹುದು. 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ ಮಾತು ಅದು. ದಣಿವಾದರೆ ಸ್ವಲ್ಪ ಹೊತ್ತು ಬಿಡುವು ಕೇಳು, ನಿಲ್ಲಲಾಗದಿದ್ದರೆ ಕುರ್ಚಿ ಕೇಳು. ನಿನ್ನ ಹಿಂದಿನ ಸಂಬಂಧ, ನಿನ್ನ ನಡತೆ ಎಂದು ಯಾರಾದರೂ ಪ್ರಶ್ನೆ ಎತ್ತಿದರೆ ಉತ್ತರಿಸುವ ಮುಂಚೆ ನ್ಯಾಯಾಧೀಶರ ಕಡೆ ತಿರುಗಿ ‘ಇದಕ್ಕೆ ನಾನು ಉತ್ತರ ಕೊಡಬೇಕಾ’ ಎಂದು ಕೇಳು. ಅಂಥ ಪ್ರಶ್ನೆ ಕೇಳಲು ಕಾನೂನಿನಲ್ಲಿ ಅವಕಾಶವಿಲ್ಲ. ಸಾಕ್ಷಿಗೆ ಎರಡು ದಿನ ಮುಂಚೆ ಸರ್ಕಾರಿ ವಕೀಲರನ್ನು ಕಂಡು, ನೀನು ಕೊಟ್ಟ ಹೇಳಿಕೆಯನ್ನು ಒಮ್ಮೆ ಓದಿಸಿಕೊಂಡು ಬಾ. ಅಮ್ಮನನ್ನೂ ಕರೆದುಕೊಂಡು ಹೋಗು, ಅವರಿಗೂ ಸ್ವಲ್ಪ ಸಮಾಧಾನ ಆದೀತು.

ಹಳದಿ ಕುರ್ತಾ ಒಗೆದು ಇಸ್ತ್ರಿ ಮಾಡಿಡು. ಬೆಳಗ್ಗೆ ಏನಾದರೂ ತಿಂದು ಹೊರಡು, ಕೋರ್ಟಿನಲ್ಲಿ ಹೆಸರು ಕೂಗುವುದು ಎಷ್ಟು ಹೊತ್ತಾಗುತ್ತದೋ ಹೇಳಲಾಗದು. ನೀರಿನ ಬಾಟಲಿ ಇರಲಿ. ಕುರ್ತಾಕ್ಕೆ ಕಿಸೆ ಇದ್ದರೆ ಒಂದು ಕರವಸ್ತ್ರ ಇಟ್ಟುಕೋ, ಕಟಕಟೆಯಲ್ಲಿ ನಿಂತಾಗ ಕೈಗೆ ಹಿಡಿಯಲು ಏನಾದರೂ ಬೇಕು ಅನಿಸುತ್ತದೆ.